ಸೌಕಾರ್ರ ಗಾಡಿ ಬಂತು, ಬಾಜೂಕ್ ಸರೀರಿ!

ಬೆಂಗಳೂರಿನ ಬ್ಲಾಗಿಗ ಮಿತ್ರರು ಸ್ಪೋರ್ಟ್ಸ್ ಕಾರಿನವರ ಮೇಲೆ ಸಿಟ್ಟಾಗಿ ಬರೆಯುವುದನ್ನು ಓದಿದಾಗಲೆಲ್ಲ ನನಗೆ ಸ್ವಲ್ಪ ನಗು ಬರುತ್ತದೆ. ನಡುರಾತ್ರಿ ಸೈಲೆನ್ಸರ್ ಗುಡುಗಿಸುತ್ತಾ ಹೋದ, ಸಿಗ್ನಲ್ ಹಾರಿದ, ಎಡಗಡೆಯಿಂದ ನುಗ್ಗಿದ... ಎಲ್ಲ ಖರೆ. ಆದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಒಮ್ಮೆ ಬಂದು ನೋಡ್ರಿ. ಇಲ್ಲಿ ಫೆರಾರಿಯೂ ಕಾಣುವುದಿಲ್ಲ, ಲ್ಯಾಂಬೋರ್ಗಿನಿಯೂ ಕಾಣುವುದಿಲ್ಲ. ಯಾರಾದರೂ ತಂದರೂ ಅದರ ಹೊಟ್ಟೆ ನೆಲದಿಂದ ಐದೇ ಇಂಚು ಮೇಲಿರುತ್ತದೆ, ಊರೊಳಗಿನ ಮೊದಲನೇ ಹಂಪಿನ ಮೇಲೆ ಆಮೆಯ ಹಾಗೆ ಕೂತುಬಿಡುತ್ತದೆ :-) ಆದರೆ ಅದರ ಸ್ಟೇರಿಂಗ್ ಹಿಡಿದವನಿಗೆ ಇರುವ ರೋಗ ಇದೆಯಲ್ಲ, ಅದು ನಮ್ಮಲ್ಲಿ ಬೇಕಾದಷ್ಟಿದೆ. ಇಲ್ಲಿ ಅದು ಬಿಳಿ ಫಾರ್ಚೂನರ್, ಕರಿ ಸ್ಕಾರ್ಪಿಯೋ, ಈಚೆಗೆ ಥಾರ್ ಏರಿ ಬರುತ್ತದೆ. ಸ್ಪೋರ್ಟ್ಸ್ ಕಾರಿಗೆ ಹಂಪು, ಗುಂಡಿಯ ಹೆದರಿಕೆಯಾದರೂ ಇರುತ್ತದೆ. ಇವಕ್ಕೆ ಅದೂ ಇಲ್ಲ.

ಈ ಗಾಡಿಗಳನ್ನು ಗುರುತು ಹಿಡಿಯುವುದು ಕಷ್ಟ ಅಲ್ಲ. ಸಂತೆಯ ದಿನ ಬಸ್ ಸ್ಟ್ಯಾಂಡ್ ಮುಂದೆ ಅರ್ಧ ತಾಸು ನಿಂತರೆ ಸಾಕು. ನಂಬರ್ ಪ್ಲೇಟಿನಲ್ಲಿ 8055 ಅಂತ ಇದ್ದರೆ ಅದನ್ನು ನಂಬರ್ ಅಂತ ಓದಬಾರದು, ಇಂಗ್ಲಿಷಿನಲ್ಲಿ 'ಬಾಸ್' ಅಂತ ಓದಬೇಕು. ಗಡಿಯಾಚೆ ಸೊಲ್ಲಾಪುರದ ಎಂಎಚ್ 13 ಗಾಡಿ 4141 ನಂಬರಿನದಾದರೆ ಅದು ಮರಾಠಿ 'ದಾದಾ'. ಗಾಜಿಗೆ ಕರಿ ಫಿಲ್ಮ್. ಅದನ್ನು ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2012ರ ಏಪ್ರಿಲ್‌ನಲ್ಲಿ! ಮುಂದೆ ಕಬ್ಬಿಣದ ಬಂಪರ್ ಗಾರ್ಡ್. ಅದು ನಿಯಮಕ್ಕೆ ವಿರುದ್ಧ ಎಂದು ಕೇಂದ್ರ ಸಾರಿಗೆ ಇಲಾಖೆ ರಾಜ್ಯಗಳಿಗೆ ಪತ್ರ ಬರೆದದ್ದು 2017ರ ಡಿಸೆಂಬರ್‌ನಲ್ಲಿ. ಗಾಡಿಯ ಪೇಂಟ್ ಉಳಿಸುವ ಆ ಕಬ್ಬಿಣ ಎದುರಿಗೆ ಬಂದವನ ಎಲುಬು ಮುರಿಯುತ್ತದೆ, ಅಷ್ಟೇ ಅದರ ಕೆಲಸ. ಮೇಲೆ ನಾಲ್ಕು ಎಲ್‌ಇಡಿ. ಎದುರಿನ ಸೈಕಲ್ ಮೋಟರಿನವನ ಕಣ್ಣು ಕುರುಡಾದರೂ ಡಿಮ್ ಮಾಡುವ ಮಾತೇ ಇಲ್ಲ.

(ಬೆಂಗಳೂರಿನವರೂ ಕಮ್ಮಿ ಇಲ್ಲ ಬಿಡ್ರಿ. 2025ರ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ಸಾರಿಗೆ ಇಲಾಖೆ 1.41 ಕೋಟಿ ರೂಪಾಯಿ ತೆರಿಗೆ ವಸೂಲಿ ಮಾಡಿತ್ತಲ್ಲ. ಅಷ್ಟು ದೊಡ್ಡ ಕಾರು ಓಡಿಸುವವನಿಗೂ ತೆರಿಗೆ ಕಟ್ಟೋದು ಮಾತ್ರ ಭಾರ.)

ಈ ಗಾಡಿಗಿಂತ ಹೆಚ್ಚು ನನಗೆ ಸಿಟ್ಟು ಬರುವುದು ಅದಕ್ಕೆ ನಾವು ಕೊಡುವ ಮರ್ಯಾದೆ ನೋಡಿ.

ಅಮಾವಾಸ್ಯೆ ದಿನ ಘತ್ತರಗಿ ಭಾಗ್ಯವಂತಿಗೆ ಹೋಗುವ ರಸ್ತೆ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಗೊತ್ತು. ಹುಣ್ಣಿಮೆಗೆ ದೇವಲ ಗಾಣಗಾಪುರದ್ದೂ ಅದೇ ಕತೆ. ನಡೆದು ಹೋಗುವವರು, ಟಂಟಂ, ಮಂದಿ ತುಂಬಿದ ಕ್ರೂಸರ್, ಒಂದು ಬೈಕಿನ ಮೇಲೆ ಗಂಡ ಹೆಂಡತಿ ಎರಡು ಕೂಸು. ಅಂಥ ಒಂದು ಅಮಾವಾಸ್ಯೆ ಹಿಂದಿನಿಂದ ಹಾರನ್ ಒತ್ತಿ ಹಿಡಿದುಕೊಂಡೇ ಒಂದು ಬಿಳಿ ಗಾಡಿ ಬಂತು. ಸೈಡಿನಲ್ಲಿ ನಡೆಯುತ್ತಿದ್ದ ಒಬ್ಬ ಮುದುಕಿ ಗಾಬರಿಯಾಗಿ ತಗ್ಗಿಗೆ ಇಳಿದಳು, ಕೈಯಲ್ಲಿದ್ದ ಬುತ್ತಿಗಂಟು ಮಣ್ಣಿಗೆ ಬಿತ್ತು. ಗಾಡಿ ನಿಲ್ಲಲಿಲ್ಲ, ಅದೇನು ಹೊಸದಲ್ಲ. ಆದರೆ ಸುತ್ತ ಇದ್ದ ಮಂದಿ ಬೈದದ್ದು ಯಾರಿಗೆ? ಮುದುಕಿಗೆ! "ಏ ಆಯಿ, ಕಣ್ಣ ಕಾಣ್ಸಂಗಿಲ್ಲೇನ್ ನಿನಗ? ಸೌಕಾರ್ರ ಗಾಡಿ ಬರ್ಲಕತ್ತದ, ಬಾಜೂಕ್ ಸರಿ." ಹೇಳಿದವನು ಗಾಡಿಯವನ ಆಳಲ್ಲ, ನೆಂಟನಲ್ಲ. ತಾನೂ ನಡೆದೇ ಹೊರಟವನು.

ಇದು ಗಾಡಿ ಬಂದಮೇಲೆ ಕಲಿತದ್ದಲ್ಲ ಅನ್ನಿಸುತ್ತದೆ. ಹಿಂದೆ ಗೌಡರು ಕುದುರೆ ಮೇಲೆ ಬಂದರೆ ಚಪ್ಪಲಿ ಕೈಗೆ ತಗೊಂಡು ನಿಲ್ಲುತ್ತಿದ್ದ ಊರುಗಳೇ ಇವು. ಕುದುರೆ ಹೋಗಿ ಗಾಡಿ ಬಂತು, ನಿಲ್ಲುವ ರೀತಿ ಹಾಗೇ ಉಳಿಯಿತು. ರಸ್ತೆಯಲ್ಲಿ ಮೊದಲು ಯಾರು ಹೋಗಬೇಕು ಅನ್ನುವುದನ್ನು ನಾವು ರೂಲ್ ನೋಡಿ ತೀರ್ಮಾನಿಸುವುದಿಲ್ಲ, ಆಸಾಮಿ ನೋಡಿ ತೀರ್ಮಾನಿಸುತ್ತೇವೆ. ಇಪ್ಪತ್ತು ವರ್ಷದ ಹುಡುಗ ಅಪ್ಪನ ಗಾಡಿಯಲ್ಲಿ ನೂರರ ಮೇಲೆ ಹೋದರೆ "ಭಾರೀ ಹೊಡಿತಾನಪಾ" ಅಂತ ಮೆಚ್ಚುವವರೂ ನಾವೇ.

ನೂರು ಅಂದರೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ. ಸೆಕೆಂಡಿಗೆ 28 ಮೀಟರ್. ಎಮ್ಮೆಯೊಂದು ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವ ಹೊತ್ತಿಗೇ ಗಾಡಿ 28 ಮೀಟರ್ ಮುಂದಿರುತ್ತದೆ, ಬ್ರೇಕು ಹಿಡಿಯುವುದು ಆಮೇಲೆ. ವೇಗ ಎರಡರಷ್ಟಾದರೆ ಬಡಿತದ ಶಕ್ತಿ ನಾಲ್ಕರಷ್ಟು. ಅದಕ್ಕೆ ಎರಡು ಟನ್ನಿನ ಗಾಡಿ ಸೇರಿಸಿ. ಎದುರಿಗಿರುವುದು ಹೊಲದಿಂದ ಬರುತ್ತಿರುವ ಬೈಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಕೇಂದ್ರ ಸಾರಿಗೆ ಇಲಾಖೆಯದೇ ಲೆಕ್ಕ. ಅದರಲ್ಲಿ ನೂರಕ್ಕೆ 44.5 ಬೈಕು, ಸ್ಕೂಟರಿನವರು, 19.5 ಬರೀ ನಡೆದು ಹೋಗುತ್ತಿದ್ದವರು. ಕೂಡಿಸಿದರೆ 64. ಹಾಗಂತ ದೊಡ್ಡ ಗಾಡಿಯವರು ಸಾಯುವುದೇ ಇಲ್ಲ ಅಂತಲ್ಲ. 2021ರ ಆಗಸ್ಟ್ 31ರ ನಸುಕಿನಲ್ಲಿ ಕೋರಮಂಗಲದಲ್ಲಿ ಒಂದೇ ಆಡಿ ಕಾರಿನಲ್ಲಿ ಏಳು ಜನ ಹೋದರು, ಯಾರೂ ಸೀಟ್ ಬೆಲ್ಟ್ ಹಾಕಿರಲಿಲ್ಲ. ನಮ್ಮ ಕಡೆಯ ಸೌಕಾರರಿಗೂ ಬೆಲ್ಟ್ ಅಂದರೆ ಅಲರ್ಜಿ. ಕೀಂ ಕೀಂ ಅನ್ನುವ ಸದ್ದು ನಿಲ್ಲಿಸಲು ಖಾಲಿ ಕ್ಲಿಪ್ ಸಿಗುತ್ತದೆ, ಅದನ್ನು ಸಿಕ್ಕಿಸಿಬಿಡುತ್ತಾರೆ.

ಇಷ್ಟು ಹೇಳಿದರೆ ಒಂದು ಉತ್ತರ ರೆಡಿ ಇರುತ್ತದೆ. "ದೊಡ್ಡ ಗಾಡಿ ಮ್ಯಾಲೇ ಯಾಕ್ ಹೇಳ್ತೀರಿ? ಕಬ್ಬಿನ ಟ್ರ್ಯಾಕ್ಟರ್ ನೋಡ್ರಿ, ಲೈಟ್ ಇಲ್ಲ, ರೇಡಿಯಂ ಇಲ್ಲ. ರೋಡ್ ಮ್ಯಾಲ ನಿಂತ ಲಾರಿ ನೋಡ್ರಿ." ಒಪ್ಪುತ್ತೇನೆ, ಪೂರ್ತಿ ಒಪ್ಪುತ್ತೇನೆ. 2020ರ ಸೆಪ್ಟೆಂಬರ್ 27ರಂದು ಆಳಂದದ ಒಂದು ಕುಟುಂಬ ಗರ್ಭಿಣಿಯನ್ನು ಕಲಬುರಗಿ ಆಸ್ಪತ್ರೆಗೆ ಕರೆದುಕೊಂಡು ಹೊರಟಿತ್ತು. ಸಾವಳಗಿ ಹತ್ತಿರ ನಿಂತ ಲಾರಿಗೆ ಕಾರು ಬಡಿದು ಆಕೆಯೂ ಸೇರಿ ಏಳು ಮಂದಿ ಸತ್ತರು. 2025ರ ಏಪ್ರಿಲ್ 5ರಂದು ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸಿನಲ್ಲಿ, ಮತ್ತೆ ನಿಂತ ಲಾರಿ, ಬಾಗಲಕೋಟೆ ಕಡೆಯಿಂದ ಖಾಜಾ ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದ ಐವರು ಹೋದರು. ಭೂಸನೂರು, ಹವಳಗಾ ಕಾರ್ಖಾನೆಗಳ ಹಂಗಾಮಿನಲ್ಲಿ ರಾತ್ರಿ ರಸ್ತೆಗೆ ಇಳಿಯಲು ನನಗೂ ಜೀವ ಹೆದರುತ್ತದೆ.

ಆದರೆ ನೋಡ್ರಿ, ಟ್ರ್ಯಾಕ್ಟರಿನವನಿಗೆ ಒಬ್ಬ ಪೊಲೀಸ್ ಕೈ ಅಡ್ಡ ಹಿಡಿದರೆ ನಿಲ್ಲುತ್ತಾನೆ, ಬೈಸಿಕೊಳ್ಳುತ್ತಾನೆ, ದಂಡ ಕಟ್ಟುತ್ತಾನೆ. ಅವನ ಟ್ರೇಲರ್ ಹಿಂದೆ ರೇಡಿಯಂ ಹಚ್ಚಿಸುವ ಅಭಿಯಾನ ಮಾಡಬಹುದು. ಬಿಳಿ ಗಾಡಿಗೆ ಕೈ ಅಡ್ಡ ಹಿಡಿದರೆ ಗಾಜು ನಾಲ್ಕು ಇಂಚು ಇಳಿಯುತ್ತದೆ, ಒಂದು ಮೊಬೈಲು ಹೊರಗೆ ಬರುತ್ತದೆ. "ತಗೋರಿ, ಸಾಹೇಬ್ರು ಲೈನಿನ್ಯಾಗ ಇದ್ದಾರ, ಮಾತಾಡ್ರಿ." ಒಬ್ಬನದು ಬಡತನ, ಬೇಜವಾಬ್ದಾರಿ. ಇನ್ನೊಬ್ಬನದು ಸೊಕ್ಕು. ಎರಡಕ್ಕೂ ಒಂದೇ ಮದ್ದು ಅಂದರೆ ಹೇಗೆ?

ಈ ಸೊಕ್ಕಿನ ಪೂರ್ತಿ ಮುಖ ಕಾಣುವುದು ಅಪಘಾತ ಆದಮೇಲೆ. ಗಾಡಿ ಗುದ್ದಿದ್ದು ಮಗ, ಠಾಣೆಗೆ ಬಂದು ಕೂರುವುದು ಡ್ರೈವರ್. ಇದರಲ್ಲಿ ರಾಜಧಾನಿಗೂ ನಮಗೂ ವ್ಯತ್ಯಾಸವಿಲ್ಲ. 2020ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೇಖ್ರಿ ವೃತ್ತದ ಬಳಿ ಬೆಂಟ್ಲಿ ಕಾರೊಂದು ಗುದ್ದಿ ಮಂದಿ ಗಾಯಗೊಂಡಾಗ ಗನ್‌ಮ್ಯಾನ್ ಒಬ್ಬ ಬಂದು "ನಾನೇ ಓಡಿಸ್ತಿದ್ದೆ" ಅಂದಿದ್ದ. ಓಡಿಸುತ್ತಿದ್ದದ್ದು ಶಾಸಕರೊಬ್ಬರ ಮಗ ಅಂತ ಪೊಲೀಸರು ಹೇಳಿದರು. 2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಹುಡುಗನ ಪೋರ್ಶೆ ಇಬ್ಬರು ಇಂಜಿನಿಯರುಗಳನ್ನು ಕೊಂದಿತಲ್ಲ, ಆ ಕಾರಿಗೆ ಕಾಯಂ ನೋಂದಣಿಯೇ ಆಗಿರಲಿಲ್ಲ. ಬಾಕಿ ಇದ್ದ ಶುಲ್ಕ ಎಷ್ಟು? 1,758 ರೂಪಾಯಿ! ಮೊದಲ ದಿನ ಜಾಮೀನಿನ ಷರತ್ತು 300 ಪದದ ಪ್ರಬಂಧ. ಆಮೇಲೆ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ವೈದ್ಯರು ಜೈಲಿಗೆ ಹೋದರು. ನಮ್ಮ ಆಳಂದ, ಅಫಜಲಪುರದ ಎಷ್ಟು ಮಂದಿ ದುಡಿಯಲು ಪುಣೆಗೆ ಹೋಗುತ್ತಾರೆ, ರಾತ್ರಿ ಪಾಳಿ ಮುಗಿಸಿ ಅಂಥದೇ ರಸ್ತೆಗಳನ್ನು ದಾಟುತ್ತಾರೆ. ಸತ್ತವರು ಇಂಜಿನಿಯರುಗಳಾಗಿರದೆ ನಮ್ಮ ಕಡೆಯ ಗೌಂಡಿ ಕೆಲಸದವರಾಗಿದ್ದರೆ ಆ ಪ್ರಬಂಧದ ಸುದ್ದಿ ಹೊರಗೆ ಬರುತ್ತಿತ್ತೇ?

ಹೊರಗೆ ಬರುವುದಿಲ್ಲ. ಯಾಕೆಂದರೆ ಅದಕ್ಕೂ ಮೊದಲು ಕಟ್ಟೆ ಮೇಲೆ 'ಬಗೆಹರಿ'ದಿರುತ್ತದೆ.

ಹೋದ ವರ್ಷ ನಮ್ಮ ಪಕ್ಕದ ಊರಿನಲ್ಲಿ ಆದದ್ದು ಇದೇ. ಜೇವರ್ಗಿ ಸಂತೆ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ ಮೂವತ್ತು ವರ್ಷದವನನ್ನು ಒಂದು ದೊಡ್ಡ ಗಾಡಿ ಬಡಿಯಿತು, ಅಲ್ಲೇ ಜೀವ ಹೋಯಿತು. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು, ಅವ್ವ. ಮೂರನೇ ದಿನಕ್ಕೇ ನಾಲ್ಕು ಮಂದಿ ಹಿರಿಯರು ಬಂದು ಕೂತರು. "ಹೋದಂವ ತಿರುಗಿ ಬರಂಗಿಲ್ಲವ್ವಾ ತಂಗಿ. ಕೋರ್ಟು ಕಚೇರಿ ಅಂತ ಎಲ್ಲಿ ಅಲಿತಿ? ಐವತ್ತು ಸಾವಿರ ಕೊಡ್ಲಕ್ಕ ಒಪ್ಯಾರ, ದೊಡ್ಡ ಮಂದಿ ಅದಾರ, ನಾಳೆ ನಿಮಗ ಬೇಕಾಗ್ತಾರ." ಹೇಳುವ ದನಿಯಲ್ಲಿ ಎಷ್ಟು ಕಾಳಜಿ ಅಂತೀರಿ!

ಈಗ ನಾನು ಲೆಕ್ಕ ಹಾಕುತ್ತೇನೆ, ನೀವೂ ಪೆನ್ನು ಹಿಡಿಯಿರಿ. ಮೋಟಾರು ಅಪಘಾತದ ಪರಿಹಾರ ಯಾರೋ ಕೊಡುವ ದಾನ ಅಲ್ಲ. ಸುಪ್ರೀಂ ಕೋರ್ಟು 2009ರಲ್ಲಿ ಸರಳಾ ವರ್ಮಾ, 2017ರಲ್ಲಿ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಕೊಟ್ಟ ಸೂತ್ರ ಇದೆ. ತಿಂಗಳ ದುಡಿಮೆ ಹತ್ತೇ ಸಾವಿರ ಅಂತ ಹಿಡಿಯೋಣ. ವಯಸ್ಸು ನಲವತ್ತರ ಒಳಗೆ, ಸ್ವಂತ ದುಡಿಮೆ, ಹಾಗಾಗಿ ಮುಂದಿನ ಗಳಿಕೆಗೆಂದು ನೂರಕ್ಕೆ 40 ಸೇರಿಸಬೇಕು. 14,000 ಆಯಿತು. ಅವನನ್ನು ನಂಬಿದವರು ನಾಲ್ವರು, ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯಿರಿ. 10,500. ವರ್ಷಕ್ಕೆ 1,26,000. ಮೂವತ್ತನೇ ವಯಸ್ಸಿಗೆ ಗುಣಕ 17. ಗುಣಿಸಿದರೆ 21,42,000 ರೂಪಾಯಿ. ಅಂತ್ಯಕ್ರಿಯೆ ಇತ್ಯಾದಿ ಬಾಬತ್ತು ಇದರ ಮೇಲೆ. ಅದನ್ನು ಕಟ್ಟೆ ಮೇಲೆ ಐವತ್ತು ಸಾವಿರಕ್ಕೆ ಮುಗಿಸುತ್ತಾರೆ.

ಇನ್ನೂ ಮಜಾ ಏನಂದರೆ, ಗಾಡಿಗೆ ಇನ್ಶೂರೆನ್ಸ್ ಇದ್ದು ಓಡಿಸುವವನಿಗೆ ಲೈಸೆನ್ಸ್ ಇದ್ದರೆ ಈ 21 ಲಕ್ಷ ಸೌಕಾರರ ಜೇಬಿನಿಂದ ಹೋಗುವುದೇ ಇಲ್ಲ, ಕಂಪನಿ ಕೊಡುತ್ತದೆ. ಥರ್ಡ್ ಪಾರ್ಟಿ ಸಾವಿಗೆ ಮಿತಿ ಇಲ್ಲ. ಹಾಗಾದರೆ ರಾಜಿಯ ಅವಸರ ಯಾಕೆ? ಓಡಿಸಿದವನಿಗೆ ಲೈಸೆನ್ಸ್ ಇಲ್ಲದಿದ್ದರೆ, ಕುಡಿದಿದ್ದರೆ, ಕಂಪನಿ ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿಗೆ ಬರುತ್ತದೆ. ಹುಡುಗ 18ರ ಒಳಗಿದ್ದರೆ 2019ರ ತಿದ್ದುಪಡಿಯ 199ಎ ಕಲಂ ಪ್ರಕಾರ ಅಪ್ಪನಿಗೋ ಮಾಲೀಕನಿಗೋ ಮೂರು ವರ್ಷದ ತನಕ ಜೈಲು, 25,000 ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಜೊತೆಗೆ ಅಜಾಗರೂಕತೆಯಿಂದ ಸಾವು ಅನ್ನುವ ಅಪರಾಧಕ್ಕೆ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಡಿ ಐದು ವರ್ಷದ ತನಕ ಶಿಕ್ಷೆ, ಮೊದಲು ಎರಡೇ ವರ್ಷ ಇತ್ತು. ಇದು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲೂ ಇಲ್ಲ. ಐವತ್ತು ಸಾವಿರಕ್ಕೆ ಹೆಣ್ಣುಮಗಳ ಹೆಬ್ಬೆಟ್ಟು ಒತ್ತಿಸಿಕೊಂಡರೆ, ನೋಡಿದವರು ನೋಡಿಲ್ಲ ಅಂದರೆ, ಗಾಡಿ 'ಅಪರಿಚಿತ ವಾಹನ' ಆಗಿಬಿಡುತ್ತದೆ. ಅಪರಿಚಿತ ವಾಹನ ಕೊಂದರೆ ಸರಕಾರದ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಿಗುವುದು 2 ಲಕ್ಷ (2022ರ ಏಪ್ರಿಲ್‌ನಿಂದ ಏರಿಸಿದ ಮೇಲೆ). ಅದೂ ಎಷ್ಟು ಮಂದಿಗೆ ಗೊತ್ತು?

ಅದಕ್ಕೇ ಆ ಹಿರಿಯರ ಮೇಲೆ ನನಗೆ ಗಾಡಿಯವನ ಮೇಲಿಗಿಂತ ಹೆಚ್ಚು ಸಿಟ್ಟು. ಗಾಡಿ ಒಂದು ಸಲ ಬಡಿಯಿತು, ಇವರು ಎರಡನೇ ಸಲ ಬಡಿದರು. ಅಮಾವಾಸ್ಯೆ ದಿನ ಮುದುಕಿಗೆ "ಬಾಜೂಕ್ ಸರಿ" ಅಂದ ಬಾಯಿಗೂ ಇವರ ಬಾಯಿಗೂ ಏನು ಫರಕ್ಕಿದೆ? ಗಾಡಿ ಬರುವಾಗಲೂ ಸರಿ, ಬಡಿದ ಮೇಲೂ ಸರಿ.

ಆ ಹೆಣ್ಣುಮಗಳು ಹೆಬ್ಬೆಟ್ಟು ಒತ್ತಲಿಲ್ಲ. ಒತ್ತುವ ಪ್ರಶ್ನೆಯೇ ಇರಲಿಲ್ಲ ಬಿಡಿ, ಏಳನೇ ಇಯತ್ತೆ ಓದಿದವಳು, ಸಹಿ ಬರುತ್ತದೆ. ಅದನ್ನೂ ಹಾಕಲಿಲ್ಲ. "ಗಾಡಿ ನಂಬರ್ ನನಗ ಬಾಯಿಪಾಠ ಅದರಿ ಕಾಕಾ" ಅಂದಳಂತೆ, ಅಷ್ಟೇ. ಆರು ತಿಂಗಳ ಒಳಗೆ ಕ್ಲೇಮು ಹಾಕಬೇಕು ಅನ್ನುವ ನಿಯಮ 2022ರಲ್ಲಿ ಬಂದಿತ್ತು. ತಡವಾಯಿತು ಅಂತ ಅರ್ಜಿ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಇವಳು ಆ ಆದೇಶಕ್ಕೆ ಕಾಯಲಿಲ್ಲ, ಎರಡನೇ ತಿಂಗಳಲ್ಲೇ ಹಾಕಿದಳು. ಈಗ ಊರಲ್ಲಿ ಅವಳ ಜೊತೆ ಮಾತು ಬಿಟ್ಟವರಿದ್ದಾರೆ, ಕಿರಾಣಿ ಅಂಗಡಿಯಲ್ಲಿ ಉದ್ರಿ ನಿಂತಿದೆ. ಅಪಘಾತ ನೋಡಿದವರು ಮೂವರು, ಅದರಲ್ಲಿ ಒಬ್ಬ ಸಾಕ್ಷಿ ಹೇಳುತ್ತೇನೆ ಅಂದಿದ್ದಾನೆ, ಉಳಿದಿಬ್ಬರು ಪುಣೆಗೆ ದುಡಿಯಲು ಹೋಗಿದ್ದಾರೆ. ಮುಂದಿನ ತಾರೀಖಿಗೆ ಅವಳ ಜೊತೆ ನಾನೂ ಹೊರಟಿದ್ದೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ. ನಿಮ್ಮಲ್ಲಿ ಯಾರಾದರೂ ಇಂಥ ಕೇಸು ನಡೆಸಿದ ವಕೀಲರಿದ್ದರೆ ಒಂದು ಮಾತು ಹೇಳಿ: ಪುಣೆಯಲ್ಲಿರುವ ಸಾಕ್ಷಿಯನ್ನು ವಿಡಿಯೋ ಮೂಲಕ ವಿಚಾರಿಸಲು ಅರ್ಜಿ ಹಾಕಿದರೆ ತಾಲೂಕು ಮಟ್ಟದ ಕೋರ್ಟುಗಳಲ್ಲಿ ಒಪ್ಪುತ್ತಾರೆಯೇ?