ಹೆಡ್‌ಲೈಟು ಬದಲಿಸುವ ಮುನ್ನ

ರಾತ್ರಿ ರಸ್ತೆ ಕಾಣುವುದಿಲ್ಲ ಎನ್ನುವ ಕಾರಿನ ಒಡೆಯರು ಮೊದಲು ಕೈಹಾಕುವುದು ಬಲ್ಬಿಗೆ. ಎಚ್-4 ಮಾದರಿಯ ಮಾಮೂಲಿ ಬಲ್ಬು 60/55 ವಾಟಿನದು. ಅದೇ ಅಳತೆಯ 100/90 ವಾಟಿನದೂ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲೇ ಹಾಕಿಕೊಳ್ಳುವುದು ಸುಲಭ. ಫಜೀತಿ ಆಮೇಲಿನದು.

12 ವೋಲ್ಟಿನಲ್ಲಿ 60 ವಾಟ್ ಎಂದರೆ 5 ಆಂಪಿಯರ್. 100 ವಾಟ್ ಎಂದರೆ 8ಕ್ಕೂ ಹೆಚ್ಚು. ಕಾರಿನ ಸಣ್ಣ ವೈರು ಈ ಹೊರೆಗೆಂದು ಮಾಡಿದ್ದಲ್ಲ. ಪ್ಲಾಸ್ಟಿಕ್ ಹೋಲ್ಡರ್ ಕರಗುತ್ತದೆ, ಸ್ವಿಚ್ಚು ಸುಡುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಫ್ಯೂಸು ಮತ್ತು ರಿಲೇ ಕೂರಿಸಬೇಕು. ಹಳೆಯ ಕಾರಿನಲ್ಲಿ ಇಷ್ಟು ಮಾಡಿದರೆ, ವೋಲ್ಟೇಜ್ ಸೋರಿಹೋಗದೆ, ಎಷ್ಟೋ ಸಲ ಮೊದಲಿನ 60/55 ಬಲ್ಬೇ ಸಾಕಾಗುವಷ್ಟು ಬೆಳಗುತ್ತದೆ! ಹೊಸ ಬಲ್ಬಿನ ಗಾಜನ್ನು ಮಾತ್ರ ಬರಿಗೈಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಕಾದು ಬಲ್ಬು ಬೇಗ ಹೋಗುತ್ತದೆ.

ಇಡೀ ಲ್ಯಾಂಪನ್ನೇ ಬದಲಿಸುವವರು ಅದು ಯಾವ ದೇಶಕ್ಕೆ ಮಾಡಿದ್ದೆಂದು ಕೇಳಲೇಬೇಕು. ರಸ್ತೆಯ ಬಲಬದಿಯಲ್ಲಿ ಓಡಾಡುವ ದೇಶಗಳ ಲ್ಯಾಂಪಿನಲ್ಲಿ ಡಿಮ್ ಬೆಳಕು ಬಲಕ್ಕೆ ಮೇಲೇರುತ್ತದೆ. ನಮ್ಮ ರಸ್ತೆಯಲ್ಲಿ ಬಲಕ್ಕಿರುವುದು ಎದುರಿನಿಂದ ಬರುವವನ ಕಣ್ಣು. ಹ್ಯಾಲೊಜೆನ್ ಲ್ಯಾಂಪಿನೊಳಗೆ ಎಲ್‌ಇಡಿ ತುರುಕಿದಾಗಲೂ ಹೆಚ್ಚಾಗಿ ಆಗುವುದು ಇದೇ: ಬೆಳಕು ಚೆದುರುತ್ತದೆ, ಎದುರಿನ ಬೈಕಿನವನಿಗೆ ಒಂದೆರಡು ಕ್ಷಣ ರಸ್ತೆಯೇ ಇರುವುದಿಲ್ಲ. ಅಂಚಿನಲ್ಲಿ ನಡೆಯುವವರು ಅವನಿಗೆ ಕಾಣುವುದಾದರೂ ಹೇಗೆ?

ಏನೇ ಹಾಕಿದರೂ ಕೊನೆಗೆ ಕಾರನ್ನು ಸಮತಟ್ಟು ನೆಲದಲ್ಲಿ, ಗೋಡೆಗೆ 25 ಅಡಿ ದೂರದಲ್ಲಿ ನಿಲ್ಲಿಸಿ ನೋಡಬೇಕು. ಡಿಮ್ ಬೆಳಕಿನ ಮೇಲಂಚು ಲ್ಯಾಂಪಿನ ನಡುಮಟ್ಟಕ್ಕಿಂತ ಸುಮಾರು 3 ಇಂಚು ಕೆಳಗೆ ಬೀಳುವವರೆಗೆ ಸ್ಕ್ರೂ ತಿರುಗಿಸಬೇಕು. ಡಿಕ್ಕಿಯಲ್ಲಿ ಅಕ್ಕಿಮೂಟೆ ಇದ್ದರೆ ಮೊದಲು ಇಳಿಸಿಕೊಳ್ಳಿ.