ಸ್ಟುಡಿಯೋ ಬಂಡವಾಳ: ಕನ್ನಡಿಯ ಕ್ಯಾಮೆರಾವೋ, ಕನ್ನಡಿಯಿಲ್ಲದ ಕ್ಯಾಮೆರಾವೋ?

ಶಿವಮೊಗ್ಗದಿಂದ ಸಾಗರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಆಯನೂರನ್ನು ದಾಟಿದ ಮೇಲೆ ದೊರೆಯುವ ಕುಂಸಿಯು ಒಂದು ಹೋಬಳಿ ಕೇಂದ್ರ. ಇಂತಹ ಊರಿನ ಪೇಟೆಬೀದಿಯಲ್ಲಿ ಅಡಿಕೆ, ಗೊಬ್ಬರ, ಜವಳಿ ಅಂಗಡಿಗಳ ನಡುವೆ ಒಂದೆರಡು ಫೋಟೋ ಸ್ಟುಡಿಯೋಗಳು ಇದ್ದೇ ಇರುತ್ತವೆ. ಒಂದು ಕಾಲಕ್ಕೆ ಇವುಗಳ ನಿತ್ಯದ ಗಳಿಕೆಗೆ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರವೇ ಆಧಾರವಾಗಿತ್ತು. ಮೊಬೈಲ್ ಫೋನುಗಳು ಆ ಗಳಿಕೆಯನ್ನು ಬಹುಮಟ್ಟಿಗೆ ಕಿತ್ತುಕೊಂಡಿವೆ. ಉಳಿದಿರುವುದು ಮದುವೆ, ಗೃಹಪ್ರವೇಶ, ನಾಮಕರಣ ಹಾಗೂ ಶಾಲೆಗಳ ಸಮೂಹಚಿತ್ರ. ಮದುವೆಯ ಕೆಲಸವೂ ಶಿವಮೊಗ್ಗ ನಗರದ ಸ್ಟುಡಿಯೋಗಳ ಕಡೆಗೆ ಸರಿಯುತ್ತಿರುವಾಗ, ಸಣ್ಣ ಊರಿನ ಮಾಲೀಕನಿಗೆ ಹೊಸ ಕ್ಯಾಮೆರಾದ ಖರೀದಿಯು ಹವ್ಯಾಸದ ಮಾತಾಗಿ ಉಳಿಯುವುದಿಲ್ಲ. ಮಾಚೇನಹಳ್ಳಿಯ ಸಣ್ಣ ಉದ್ದಿಮೆದಾರನೊಬ್ಬ ಲೇತ್ ಯಂತ್ರವನ್ನು ಕೊಳ್ಳುವಾಗ ಎಷ್ಟು ಯೋಚಿಸುತ್ತಾನೋ ಅಷ್ಟೇ ಯೋಚಿಸಬೇಕಾದ ಬಂಡವಾಳದ ತೀರ್ಮಾನ ಇದು.

ಆಯ್ಕೆಗೆ ಎದುರಾಗುವ ಯಂತ್ರಗಳು ಎರಡು. ಮೊದಲನೆಯದು ಫುಲ್ ಫ್ರೇಮ್ ಡಿಎಸ್‌ಎಲ್‌ಆರ್. ಇದರಲ್ಲಿ ಲೆನ್ಸಿನ ಮೂಲಕ ಬಂದ ಬೆಳಕನ್ನು ಒಳಗಿನ ಕನ್ನಡಿಯೊಂದು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು ಬೆಳಕು ಸೆನ್ಸರನ್ನು ಮುಟ್ಟುತ್ತದೆ. ಸೆನ್ಸರಿನ ಅಳತೆ ಹಳೆಯ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿನಷ್ಟೇ, ಅಂದರೆ 36 ಗುಣಿಸು 24 ಮಿಲಿಮೀಟರ್. 2005ರಲ್ಲಿ ಬಂದ ಕ್ಯಾನನ್ 5ಡಿ ಮತ್ತು 2008ರ ನಿಕಾನ್ ಡಿ700 ಈ ವರ್ಗವನ್ನು ಮದುವೆ ಛಾಯಾಗ್ರಾಹಕರ ಕೈಗೆಟುಕಿಸಿದವು. ಎರಡನೆಯದು ಚಿಕ್ಕ ಗಾತ್ರದ ಮಿರರ್‌ಲೆಸ್ ಕ್ಯಾಮೆರಾ. ಕನ್ನಡಿಯೇ ಇಲ್ಲದ ಇದರಲ್ಲಿ ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಯ ಮೂಲಕ ಕಣ್ಣು ಕಾಣುತ್ತದೆ. 2008ರಲ್ಲಿ ಪ್ಯಾನಾಸೋನಿಕ್ ಜಿ1 ಮೂಲಕ ಆರಂಭವಾದ ಈ ದಾರಿಯಲ್ಲಿ ಸೋನಿ ಮತ್ತು ಫ್ಯೂಜಿಫಿಲ್ಮ್ ಕಂಪನಿಗಳು ಬೇಗ ಮುಂದೆ ಹೋದವು. ಕ್ಯಾನನ್ ಮತ್ತು ನಿಕಾನ್ ತಮ್ಮ ಫುಲ್ ಫ್ರೇಮ್ ಮಿರರ್‌ಲೆಸ್‌ಗಳನ್ನು 2018ರಲ್ಲಿ ಮಾರುಕಟ್ಟೆಗೆ ತಂದವು. 2020ರಲ್ಲಿ ಬಂದ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3, ನಿಕಾನ್ ಡಿ780 ಹಾಗೂ ಡಿ6ರ ತರುವಾಯ ಈ ಎರಡು ಕಂಪನಿಗಳಿಂದ ಹೊಸ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್ ಹೊರಬಂದಿಲ್ಲ. ಕೊಳ್ಳುವವನು ಮೊದಲು ಗಮನಿಸಬೇಕಾದ ಸಂಗತಿ ಇದೇ. ತಯಾರಕನೇ ಅಭಿವೃದ್ಧಿಯನ್ನು ನಿಲ್ಲಿಸಿದ ಯಂತ್ರಕ್ಕೆ ಮರುಮಾರಾಟದ ಬೆಲೆ ಎಷ್ಟು ವರ್ಷ ನಿಂತೀತು ಎಂಬುದನ್ನು ವ್ಯಾಪಾರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಿತ್ರದ ಗುಣಮಟ್ಟದ ವಾದವನ್ನು ಆಲ್ಬಮಿನ ಅಳತೆಯಿಂದಲೇ ಆರಂಭಿಸುವುದು ಒಳ್ಳೆಯದು. ಗಿರಾಕಿಯು ಹಣ ಕೊಡುವುದು ಆಲ್ಬಮಿಗೆ. ಮದುವೆ ಆಲ್ಬಮಿನ ಸಾಮಾನ್ಯ ಅಳತೆ 12 ಗುಣಿಸು 36 ಇಂಚು. ಅದರ ಅರ್ಧಭಾಗವಾದ 12 ಗುಣಿಸು 18 ಇಂಚನ್ನು ಒಂದೇ ಚಿತ್ರ ತುಂಬಿದರೂ, ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಬೇಕಾಗುವುದು ಸುಮಾರು 19.4 ಮೆಗಾಪಿಕ್ಸೆಲ್. ಚಿಕ್ಕ ಮಿರರ್‌ಲೆಸ್ ಆದ ಸೋನಿ ಎ6400 ಕೊಡುವುದು 24 ಮೆಗಾಪಿಕ್ಸೆಲ್. ಫುಲ್ ಫ್ರೇಮಿನ ನಿಕಾನ್ ಡಿ850 ಕೊಡುವುದು 45.7. ಹೆಚ್ಚಿನ ಈ ಭಾಗವು ಆಲ್ಬಮಿನಲ್ಲಿ ಕಾಣದೆ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಕಾಣುತ್ತದೆ. ಒಂದು ಮದುವೆಗೆ ಮೂರು ಸಾವಿರ ಕಚ್ಚಾ ಚಿತ್ರಗಳೆಂದು ಹಿಡಿದರೆ ಮೊದಲನೆಯದಕ್ಕೆ ಸುಮಾರು 72 ಗಿಗಾಬೈಟ್, ಎರಡನೆಯದಕ್ಕೆ ಅದರ ಎರಡು ಪಟ್ಟಿಗೂ ಮಿಗಿಲು. ಇದನ್ನು ಸಂಸ್ಕರಿಸಲು ಕಂಪ್ಯೂಟರನ್ನೂ ಬದಲಿಸಬೇಕಾದೀತು. ಆ ಖರ್ಚು ಕ್ಯಾಮೆರಾದ ಬಿಲ್ಲಿನಲ್ಲಿ ಬರೆದಿರುವುದಿಲ್ಲ.

ಬೆಳಕಿನ ವಿಷಯದಲ್ಲಿ ಮಾತ್ರ ದೊಡ್ಡ ಸೆನ್ಸರಿನ ವಾದವು ನಿಜವಾದುದು. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿಗಿಂತ ಫುಲ್ ಫ್ರೇಮಿನ ವಿಸ್ತೀರ್ಣ ಸುಮಾರು 2.3 ಪಟ್ಟು ಹೆಚ್ಚು. ಮಲೆನಾಡಿನ ಸಮುದಾಯ ಭವನಗಳಲ್ಲಿ ಬೆಳಗಿನ ಜಾವದ ಧಾರೆ ಮುಹೂರ್ತ, ಹೊರಗೆ ಮೋಡ, ಒಳಗೆ ನಾಲ್ಕಾರು ದೀಪಗಳು: ಅಲ್ಲಿ ಈ ಅಂತರ ಚಿತ್ರದಲ್ಲಿ ಎದ್ದು ಕಾಣುತ್ತದೆ. ಆದರೆ ಅದೇ ಅಂತರವನ್ನು ಎಫ್ 1.4 ಅಥವಾ 1.8ರ ಒಂದು ಒಳ್ಳೆಯ ಲೆನ್ಸ್ ಹಾಗೂ ಒಂದು ಫ್ಲ್ಯಾಶ್ ಬಹುಪಾಲು ತುಂಬಬಲ್ಲವು. ಬಾಡಿಗೆ ಹಣ ಸುರಿದು ಕಿಟ್ ಲೆನ್ಸಿನಲ್ಲಿಯೇ ಮುಹೂರ್ತ ತೆಗೆಯುವವರ ಚಿತ್ರ, ಸಾಧಾರಣ ಬಾಡಿಗೆ ಒಳ್ಳೆಯ ಲೆನ್ಸ್ ಹಾಕಿದವರ ಚಿತ್ರಕ್ಕೆ ಸಮನಾಗುವುದಿಲ್ಲ. ಮಿರರ್‌ಲೆಸ್ ಕೊಳ್ಳುವವರು ಇಲ್ಲಿ ಒಂದು ಎಚ್ಚರಿಕೆಯನ್ನೂ ಪಾಲಿಸಬೇಕು. ಶಬ್ದ ಮಾಡದ ಎಲೆಕ್ಟ್ರಾನಿಕ್ ಶಟರನ್ನು ಎಲ್‌ಇಡಿ ದೀಪಗಳ ಕೆಳಗೆ ಬಳಸಿದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡಬಹುದು. ಮಂಟಪದಲ್ಲಿ ಯಾಂತ್ರಿಕ ಶಟರೇ ಲೇಸು.

ವಿಡಿಯೋ ಚಿತ್ರೀಕರಣದಲ್ಲಿ ತಕ್ಕಡಿ ಮಿರರ್‌ಲೆಸ್ ಕಡೆಗೇ ವಾಲುತ್ತದೆ. ಕ್ಯಾನನ್ 5ಡಿ ಮಾರ್ಕ್ 4 ಮತ್ತು ನಿಕಾನ್ ಡಿ850 ಒಂದೇ ಓಟದಲ್ಲಿ 29 ನಿಮಿಷ 59 ಸೆಕೆಂಡಿಗೆ ಚಿತ್ರೀಕರಣವನ್ನು ನಿಲ್ಲಿಸುತ್ತವೆ. ಯುರೋಪಿನ ಆಮದು ಸುಂಕದಲ್ಲಿ ಅರ್ಧ ಗಂಟೆ ಮೀರಿದ ಯಂತ್ರವನ್ನು ವಿಡಿಯೋ ಕ್ಯಾಮೆರಾ ಎಂದು ಪರಿಗಣಿಸುತ್ತಿದ್ದುದೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಎಲ್ಲಿಯದೋ ಸುಂಕ, ಕುಂಸಿಯ ಮಂಟಪದಲ್ಲಿ ಅಂತರಪಟ ಸರಿಯುವ ಗಳಿಗೆಗೆ ಕ್ಯಾಮೆರಾ ನಿಂತುಹೋಗುವುದು! ಎ6400ರಲ್ಲಿ ಈ ಮಿತಿ ಇಲ್ಲ. ವಧೂವರರ ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಮಾಡುವ ಸೌಲಭ್ಯವೂ ಅದರಲ್ಲಿರುವುದರಿಂದ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನ ಕೈಯಲ್ಲಿ ಹಾಳಾಗುವ ಚಿತ್ರಗಳು ಕಡಿಮೆ.

ಡಿಎಸ್‌ಎಲ್‌ಆರ್ ಗೆಲ್ಲುವ ಜಾಗಗಳೂ ಇವೆ. ಒಂದು ಚಾರ್ಜಿಗೆ ಡಿ850 ಸುಮಾರು 1840 ಚಿತ್ರಗಳನ್ನು ತೆಗೆಯಬಲ್ಲದೆಂದು ಅಳೆಯಲಾಗಿದ್ದರೆ, ಎ6400ರ ಅಳತೆ 360ರಿಂದ 410 ಮಾತ್ರ. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಹಳ್ಳಿಗಳಿಗೆ ಹೋಗುವವರು ಮಿರರ್‌ಲೆಸ್ ಜೊತೆಗೆ ನಾಲ್ಕು ಬ್ಯಾಟರಿಗಳ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಇದಕ್ಕಿಂತ ಗಂಭೀರವಾದುದು ಮೆಮೊರಿ ಕಾರ್ಡಿನ ಪ್ರಶ್ನೆ. 5ಡಿ ಮಾರ್ಕ್ 4, ಡಿ750, ಡಿ850ಗಳಲ್ಲಿ ಎರಡು ಕಾರ್ಡುಗಳಿಗೆ ಏಕಕಾಲದಲ್ಲಿ ಚಿತ್ರ ಬರೆಯಬಹುದು. ಎ6400, ಫ್ಯೂಜಿಯ ಎಕ್ಸ್-ಎಸ್10 ಮುಂತಾದ ಚಿಕ್ಕ ಕ್ಯಾಮೆರಾಗಳಲ್ಲಿ ಕಾರ್ಡಿಗೆ ಜಾಗ ಒಂದೇ. ಕಾರ್ಡು ಕೆಟ್ಟರೆ ಮುಹೂರ್ತ ಮರಳಿ ಬರುವುದಿಲ್ಲ. ಗಿರಾಕಿ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರೆ ಸ್ಟುಡಿಯೋದ ಹೆಸರೂ ಉಳಿಯುವುದಿಲ್ಲ. ಆದ್ದರಿಂದ ಚಿಕ್ಕ ಮಿರರ್‌ಲೆಸ್ ಆರಿಸುವವರು ಒಂದನ್ನಲ್ಲ, ಎರಡು ಬಾಡಿಗಳನ್ನು ಕೊಂಡು ಇಬ್ಬರ ಕೈಯಲ್ಲಿ ನಡೆಸಬೇಕು. ಒಂದು ದುಬಾರಿ ಬಾಡಿಗಿಂತ ಎರಡು ಮಧ್ಯಮ ಬೆಲೆಯ ಬಾಡಿಗಳೇ ಹೆಚ್ಚು ಭದ್ರವಾದ ಬಂಡವಾಳ.

ಮಲೆನಾಡಿಗೇ ವಿಶೇಷವಾದ ನಷ್ಟವೊಂದಿದೆ: ಲೆನ್ಸಿಗೆ ಹಿಡಿಯುವ ಫಂಗಸ್. ಆಷಾಢದಲ್ಲಿ ಮದುವೆಗಳಿಲ್ಲ, ಕ್ಯಾಮೆರಾ ಬೀರುವಿನಲ್ಲಿ ಕುಳಿತಿರುವ ಆ ವಾರಗಳಲ್ಲಿಯೇ ಗಾಳಿಯ ತೇವ ಅತ್ಯಧಿಕ. ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂತೆ ಬೂಸು ಹರಡಿ, ಮಾಘದ ಮದುವೆಗೆ ತೆಗೆದಾಗಲೇ ಅದು ಗೊತ್ತಾಗುವುದು ಅಪರೂಪವಲ್ಲ. ತೇವವನ್ನು ಶೇಕಡ 40ರಿಂದ 50ರ ನಡುವೆ ಹಿಡಿದಿಡುವ ಡ್ರೈ ಕ್ಯಾಬಿನೆಟ್, ಅದು ಆಗದಿದ್ದರೆ ಗಾಳಿಯಾಡದ ಪೆಟ್ಟಿಗೆ ಮತ್ತು ಆಗಾಗ ಬಿಸಿ ಮಾಡಿ ಒಣಗಿಸಿದ ಸಿಲಿಕಾ ಜೆಲ್, ಯಾವ ಕ್ಯಾಮೆರಾ ಕೊಂಡರೂ ಬೇಕೇಬೇಕು. ಚಿಕ್ಕ ಲೆನ್ಸುಗಳಾದರೆ ಒಂದು ಪೆಟ್ಟಿಗೆ ಸಾಕು. ಇನ್ನು ಮಿರರ್‌ಲೆಸ್‌ನಲ್ಲಿ ಲೆನ್ಸ್ ಬಿಚ್ಚಿದೊಡನೆ ಸೆನ್ಸರೇ ಬಯಲಾಗುವುದರಿಂದ ಮಣ್ಣುರಸ್ತೆಯ ಬದಿಯಲ್ಲಿ ಲೆನ್ಸ್ ಬದಲಿಸುವ ಅಭ್ಯಾಸವನ್ನು ಬಿಡಬೇಕು.

ಈಗಾಗಲೇ ಡಿಎಸ್‌ಎಲ್‌ಆರ್ ಲೆನ್ಸುಗಳನ್ನು ಕೂಡಿಸಿಟ್ಟಿರುವ ಹಳೆಯ ಸ್ಟುಡಿಯೋಗಳ ಮಾತು ಬೇರೆ. ಅವರು ಆತುರದಿಂದ ಎಲ್ಲವನ್ನೂ ಅರ್ಧ ಬೆಲೆಗೆ ಮಾರುವುದು ವಿವೇಕವಲ್ಲ. 5ಡಿ ಮಾರ್ಕ್ 4ರ ಶಟರನ್ನು 1,50,000 ಚಿತ್ರಗಳಿಗೆ, ಡಿ850ರದನ್ನು 2,00,000 ಚಿತ್ರಗಳಿಗೆ ಪರೀಕ್ಷಿಸಲಾಗಿದೆ; ಶಟರ್ ಎಷ್ಟು ಸವೆದಿದೆ ಎಂಬುದನ್ನು ನೋಡಿ, ಬಾಳಿಕೆ ಮುಗಿಯುವವರೆಗೆ ದುಡಿಸುವುದೇ ಲಾಭ. ಬದಲಿಸುವ ಕಾಲ ಬಂದಾಗ ಕ್ಯಾನನ್‌ನ ಇಎಫ್ ಲೆನ್ಸುಗಳು ಅಡಾಪ್ಟರ್ ಮೂಲಕ ಅದೇ ಕಂಪನಿಯ ಆರ್ ಸರಣಿಯ ಮಿರರ್‌ಲೆಸ್‌ಗೆ ಫೋಕಸ್ ಸಹಿತ ಹೊಂದಿಕೊಳ್ಳುತ್ತವೆ. ನಿಕಾನ್ ಬಳಗದವರು ಮಾತ್ರ ತಮ್ಮ ಲೆನ್ಸಿನ ಹೆಸರನ್ನು ಓದಿ ನೋಡಬೇಕು. ಹಳೆಯ ಎಎಫ್-ಡಿ ಲೆನ್ಸುಗಳು ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಕೂರುತ್ತವೆಯಾದರೂ ತಾವಾಗಿ ಫೋಕಸ್ ಆಗುವುದಿಲ್ಲ. ಇದನ್ನು ಅಂಗಡಿಯವರು ಹೇಳದೇ ಇರಬಹುದು.

ತೆರಿಗೆ ಮತ್ತು ಸಾಲದ ವಿಷಯ. ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿಯನ್ನು 2019ರ ಜನವರಿ 1ರಿಂದ ಶೇಕಡ 28ರಿಂದ 18ಕ್ಕೆ ಇಳಿಸಲಾಯಿತು. ಎರಡು ಲಕ್ಷ ರೂಪಾಯಿಯ ಉಪಕರಣಕ್ಕೆ ಈ ದರದಲ್ಲಿ ತೆರಿಗೆಯೇ 36,000. ನೋಂದಾಯಿತ ಸ್ಟುಡಿಯೋ ತನ್ನ ಹೆಸರಿನ ಬಿಲ್ ಪಡೆದರೆ ಇದನ್ನು ಹೂಡುವಳಿ ತೆರಿಗೆಯಾಗಿ ವಜಾ ಮಾಡಿಕೊಳ್ಳಬಹುದು; ಸೇವಾ ವಹಿವಾಟು 20 ಲಕ್ಷದೊಳಗಿದ್ದು ನೋಂದಣಿ ಮಾಡಿಸದವರಿಗೆ ಅದು ಪೂರ್ಣ ಖರ್ಚೇ. ಬಿಲ್ಲಿಲ್ಲದೆ ದೊರೆಯುವ ಅಗ್ಗದ ಮಾಲಿಗೆ ಮಾರುಹೋಗುವವರು ವಾರಂಟಿಯನ್ನೂ, ಸವಕಳಿಯ ದಾಖಲೆಯನ್ನೂ, ಬ್ಯಾಂಕಿನ ಸಾಲವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಮುದ್ರಾ ಯೋಜನೆಯ ಕಿಶೋರ್ ವರ್ಗದಲ್ಲಿ ಐದು ಲಕ್ಷದವರೆಗೆ ಸಾಲಕ್ಕೆ ಅವಕಾಶವಿರುವುದರಿಂದ ಅಧಿಕೃತ ಮಾರಾಟಗಾರರ ಕೊಟೇಶನ್ ಹಿಡಿದು ಬ್ಯಾಂಕಿಗೆ ಹೋಗುವುದೇ ಸರಿಯಾದ ದಾರಿ.

ದೊಡ್ಡ ಕ್ಯಾಮೆರಾ ಕಂಡರೆ ಗಿರಾಕಿಗೆ ನಂಬಿಕೆ ಎಂಬ ಮಾತನ್ನು ಸ್ಟುಡಿಯೋ ಮಾಲೀಕರು ಪದೇ ಪದೇ ಆಡುತ್ತಾರೆ. ಅದರಲ್ಲಿ ಸುಳ್ಳಿಲ್ಲ. ಮದುವೆ ಮನೆಯ ಹಿರಿಯರು ಅಂಗೈಯಗಲದ ಕ್ಯಾಮೆರಾವನ್ನು ಕಂಡು "ಇಷ್ಟೇನಾ?" ಎಂದು ಕೇಳುವುದುಂಟು. ಆದರೆ ಆ ನಂಬಿಕೆಗಾಗಿ ಬಾಡಿ ಮತ್ತು ಲೆನ್ಸ್ ಸೇರಿ ಒಂದೂಮುಕ್ಕಾಲು ಕಿಲೋ ತೂಗುವ ಉಪಕರಣಕ್ಕೆ ಸಾಲ ಮಾಡುವ ಬದಲು, ಹಿಂದಿನ ಮದುವೆಯ ಒಳ್ಳೆಯ ಆಲ್ಬಮೊಂದನ್ನು ಅಂಗಡಿಯ ಮೇಜಿನ ಮೇಲಿಡುವುದು ಅಗ್ಗ.

ತಮ್ಮ ಎರಕದ ಬಿಡಿಭಾಗಗಳನ್ನೋ ಸಿದ್ಧ ವಸ್ತುಗಳನ್ನೋ ಕ್ಯಾಟಲಾಗಿಗಾಗಿ ಚಿತ್ರಿಸಬೇಕೆನ್ನುವ ಸಣ್ಣ ಉದ್ದಿಮೆದಾರರಿಗೆ ಈ ಚರ್ಚೆಯೇ ಬೇಕಿಲ್ಲ; ಚಿಕ್ಕ ಮಿರರ್‌ಲೆಸ್, ಗಟ್ಟಿಯಾದ ಟ್ರೈಪಾಡ್, ಎರಡು ದೀಪಗಳು ಸಾಕು.

ಕೊಳ್ಳುವ ಕಾಲದ ಬಗ್ಗೆಯೂ ಒಂದು ಮಾತು. ಆದಾಯ ತೆರಿಗೆಯ ಲೆಕ್ಕದಲ್ಲಿ ಯಂತ್ರೋಪಕರಣಕ್ಕೆ ಶೇಕಡ 15ರ ಸವಕಳಿ ದೊರೆಯುತ್ತದೆ. ಆದರೆ ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಮಾತ್ರ. ವರ್ತಕರು ರೂಢಿಯಂತೆ ಆಯುಧಪೂಜೆಗೋ ದೀಪಾವಳಿಗೋ ಹೊಸ ಉಪಕರಣವನ್ನು ಮನೆಗೆ ತರುತ್ತಾರೆ, ಅಷ್ಟರಲ್ಲಿ ಬಹುತೇಕ ವರ್ಷಗಳಲ್ಲಿ ಆ ಗಡುವು ದಾಟಿರುತ್ತದೆ. ಗೌರಿ ಗಣೇಶ ಹಬ್ಬದ ಹೊತ್ತಿಗೆ ಕೊಂಡವರಿಗೆ ಪೂರ್ತಿ ಸವಕಳಿಯೂ ಸಿಗುತ್ತದೆ, ತುಳಸಿ ಹಬ್ಬದ ನಂತರ ಮದುವೆಗಳು ಆರಂಭವಾಗುವ ಮುನ್ನ ಹೊಸ ಯಂತ್ರಕ್ಕೆ ಕೈ ಪಳಗಿಸಿಕೊಳ್ಳಲು ಎರಡು ತಿಂಗಳಷ್ಟು ಬಿಡುವೂ ಸಿಗುತ್ತದೆ.