ಕನಸಿನ ಗುರಿಗೆ ಹಗಲಿನ ನೆನಪೇ ಆಧಾರ



ನಿದ್ರೆಯಲ್ಲಿಯೇ ಗುರಿ ಸಾಧಿಸಬಹುದು, ಕನಸಿನಲ್ಲಿಯೇ ಪಾಠ ಮನನ ಮಾಡಬಹುದು ಎಂಬ ಪ್ರಚಾರ ಮೊಬೈಲ್ ವಿಡಿಯೊಗಳ ಮೂಲಕ ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಿಗೂ ಬಂದಿದೆ. ಹತ್ತನೆಯ ತರಗತಿಯ ಮಕ್ಕಳಿರುವ ನಿಮ್ಮಲ್ಲಿ ಕೆಲವರು ‘ಸರ್, ಇದು ನಿಜವೇ?’ ಎಂದು ಕೇಳಿದ್ದೀರಿ. ನನ್ನ ಉತ್ತರವಿಷ್ಟು: ಅಂಥ ಕನಸು ನಿಜ, ಅದನ್ನು ಮಕ್ಕಳಿಗೆ ಮಾರುವ ಮಾತು ಸುಳ್ಳು.

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂದು ತಿಳಿದಿರುವ ಸ್ಥಿತಿಯನ್ನು ‘ಲೂಸಿಡ್ ಡ್ರೀಮ್’ ಎನ್ನುತ್ತಾರೆ; ಅರಿವಿನ ಕನಸು ಎನ್ನೋಣ. ಕನಸಿನ ನಿದ್ರೆಯಲ್ಲಿ ದೇಹದ ಸ್ನಾಯುಗಳು ಸಡಿಲಗೊಂಡಿದ್ದರೂ ಕಣ್ಣುಗಳು ಚಲಿಸುತ್ತವೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು, ಮಲಗಿದ್ದ ವ್ಯಕ್ತಿಯೊಬ್ಬನು ಮೊದಲೇ ನಿಶ್ಚಯಿಸಿದಂತೆ ಕಣ್ಣಾಡಿಸಿ ನೀಡಿದ ಸಂಕೇತವನ್ನು ಯಂತ್ರದಲ್ಲಿ ದಾಖಲಿಸಿದರು. ಬಳಿಕ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿ ತೋರಿಸಿದರು. ಆದ್ದರಿಂದ ಇದನ್ನು ಕಟ್ಟುಕಥೆ ಎನ್ನುವವರೂ ತಪ್ಪು.

ಆದರೆ ಮಾರುವವರು ಹೇಳದೆ ಬಿಡುವ ಭಾಗವನ್ನು ಕೇಳಿರಿ. 2014ರಲ್ಲಿ ಪ್ರಕಟವಾದ, 684 ಜನ ಭಾಗವಹಿಸಿದ್ದ ಸಮೀಕ್ಷೆಯೊಂದರಲ್ಲಿ ಕಂಡದ್ದು ಇದು: ಅರಿವಿನ ಕನಸು ಬಿದ್ದರೂ, ಹಗಲು ಸಂಕಲ್ಪಿಸಿದ ಕೆಲಸ ಎಲ್ಲ ಸಲವೂ ನೆನಪಾಗುವುದಿಲ್ಲ, ನೆನಪಾದರೂ ನೆರವೇರುವ ಮುನ್ನವೇ ಎಚ್ಚರವಾಗಿಬಿಡುವುದುಂಟು. 2010ರ ಪ್ರಯೋಗವೊಂದರಲ್ಲಿ ಕನಸಿನಲ್ಲಿ ನಾಣ್ಯವನ್ನು ಬಟ್ಟಲಿಗೆ ಎಸೆದು ಅಭ್ಯಾಸ ಮಾಡಬೇಕೆಂದು ಮಲಗಿದ 20 ಜನರಲ್ಲಿ ಅದನ್ನು ಮಾಡಲಾದದ್ದು 7 ಜನರಿಗೆ ಮಾತ್ರ. ಆ ಏಳು ಜನರ ಗುರಿ ಮರುದಿನ ತುಸು ಸುಧಾರಿಸಿತು, ಒಪ್ಪುತ್ತೇನೆ. ಆದರೆ ನಾಣ್ಯ ಎಸೆಯುವುದು ಬೇರೆ, ಪ್ರಮೇಯ ಕಲಿಯುವುದು ಬೇರೆ. 2021ರಲ್ಲಿ ನಾಲ್ಕು ದೇಶಗಳ ಪ್ರಯೋಗಾಲಯಗಳು ಕನಸು ಕಾಣುತ್ತಿದ್ದವರಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಎಂಬಂಥ ಸುಲಭ ಪ್ರಶ್ನೆಗಳನ್ನು ಕೇಳಿದವು. 158 ಪ್ರಯತ್ನಗಳಲ್ಲಿ ಸರಿಯುತ್ತರ ಬಂದದ್ದು 29ಕ್ಕೆ. ಇದನ್ನು ನಂಬಿ ಪರೀಕ್ಷೆಗೆ ಸಿದ್ಧವಾಗಬಹುದೇ?

ಇನ್ನು ಅವರ ವಿಧಾನವನ್ನೇ ನೋಡಿರಿ. ಲಬರ್ಜ್ ಕಲಿಸಿದ ಮಾರ್ಗದ ತಿರುಳು ಒಂದೇ: ‘ಮುಂದಿನ ಕನಸಿನಲ್ಲಿ ಇದು ಕನಸೆಂದು ನೆನೆಯುತ್ತೇನೆ’ ಎಂದು ಮಲಗುವಾಗ ದೃಢವಾಗಿ ಸಂಕಲ್ಪಿಸುವುದು. ಮುಂದೆ ಮಾಡಬೇಕಾದುದನ್ನು ಹೊತ್ತಿಗೆ ಸರಿಯಾಗಿ ನೆನೆಯುವ ಶಕ್ತಿಯಿದು. ಸಂತೆಯಿಂದ ಬರುವಾಗ ಅವ್ವನ ಔಷಧಿ ತರುವ ಮಗನಿಗೂ, ಕಾಲುವೆಗೆ ನೀರು ಬಿಡುವ ದಿನ ಮರೆಯದ ರೈತನಿಗೂ ಇರುವುದು ಇದೇ ಶಕ್ತಿ. ಹಗಲು ಹೇಳಿದ ಮಾತು ಸಂಜೆಗೆ ಮರೆಯುವವನಿಗೆ ಕನಸು ಅದನ್ನು ಎಲ್ಲಿಂದ ತಂದುಕೊಟ್ಟೀತು?

‘ನಮ್ಮ ಉಪನಿಷತ್ತಿನಲ್ಲಿಯೇ ಇದೆ’ ಎಂಬ ಸಮರ್ಥನೆಯೂ ಕೇಳಿಬರುತ್ತದೆ. ಮಾಂಡೂಕ್ಯವು ಜಾಗೃತ್, ಸ್ವಪ್ನ, ಸುಷುಪ್ತಿ, ತುರೀಯಗಳನ್ನು ವಿವರಿಸುವುದು ಆತ್ಮವಿಚಾರಕ್ಕಾಗಿ, ಅಂಕಗಳಿಕೆಗಲ್ಲ. ಟಿಬೆಟನ್ ಬೌದ್ಧರಲ್ಲಿ ಸ್ವಪ್ನಯೋಗವಿರುವುದೂ ನಿಜ. ಅದು ಗುರುವಿನ ಬಳಿ ದೀರ್ಘಕಾಲ ನಡೆಸುವ ಧ್ಯಾನದ ಭಾಗವೇ ಹೊರತು ವಾರದೊಳಗೆ ಕಲಿಸುವ ಉಪಾಯವಲ್ಲ.

ನನ್ನ ಕೋಪಕ್ಕೆ ಕಾರಣ ಬೇರೆಯೇ ಇದೆ. ಮಲಗಿ ಐದು ಗಂಟೆಯಾದೊಡನೆ ಅಲಾರಂ ಇಟ್ಟು ಎದ್ದು, ಮತ್ತೆ ಮಲಗಿರೆಂದು ಇವರು ಬೋಧಿಸುತ್ತಾರೆ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕೆಂಬುದು ವೈದ್ಯರ ಸಲಹೆ. ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗುವುದೂ ಆ ನಿದ್ರೆಯಲ್ಲಿಯೇ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಯಾದಗಿರಿ ಜಿಲ್ಲೆ ಶೇ. 50.59 ಪಡೆದು ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಅದನ್ನು ಕಂಡು ಕಂಗೆಟ್ಟ ತಂದೆತಾಯಿಗಳ ಆತಂಕವನ್ನೇ ಬಂಡವಾಳ ಮಾಡಿಕೊಂಡು ಮಕ್ಕಳ ನಿದ್ರೆ ಕದಿಯುವುದು ಅಪರಾಧಕ್ಕಿಂತ ಕಡಿಮೆಯದಲ್ಲ. ನಮ್ಮ ಮಕ್ಕಳಿಗೆ ಬೇಕಾದುದು ಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕ, ಮನೆಯಲ್ಲಿ ಓದಲೊಂದು ಮೂಲೆ, ರಾತ್ರಿ ನೆಮ್ಮದಿಯ ನಿದ್ರೆ.

ವಯಸ್ಕರು ಕುತೂಹಲದಿಂದ ಪ್ರಯತ್ನಿಸಿದರೆ ನನ್ನ ತಕರಾರಿಲ್ಲ. ಮಕ್ಕಳಿಗಾದರೋ ಹಗಲಿನ ಅಭ್ಯಾಸ ಸಾಕು. ‘ನಾಳೆ ಓದುತ್ತೇನೆ’ ಎನ್ನುವ ಬದಲು ‘ಸಂಜೆ ದೀಪ ಹಚ್ಚಿದೊಡನೆ ಎರಡು ಲೆಕ್ಕ ಮಾಡುತ್ತೇನೆ’ ಎಂದು ಬರೆದಿಡಲಿ. ಕೆಲಸವನ್ನು ಹೊತ್ತಿಗೂ ಸ್ಥಳಕ್ಕೂ ಕಟ್ಟಿದರೆ ಅದು ನೆರವೇರುವ ಸಾಧ್ಯತೆ ಹೆಚ್ಚೆಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ತೋರಿಸಿದ್ದಾರೆ.

ಶಹಾಪುರದ ಬೆಟ್ಟಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುವುದನ್ನು ನೀವೆಲ್ಲ ಬಲ್ಲಿರಿ. ಬುದ್ಧನೆಂದರೆ ಎಚ್ಚೆತ್ತವನು. ಆತನ ಎಚ್ಚರ ಮೊಬೈಲಿನ ಅಲಾರಂನಿಂದ ಬಂದುದಲ್ಲ. ಮಕ್ಕಳು ರಾತ್ರಿ ಮಲಗಲಿ, ಹಗಲು ಎಚ್ಚರವಾಗಿರಲಿ.